ಪೂಜೆ ಹೊತ್ತಿನ ಬಿಪಿ

ನಾರಾಯಣಖೇಡದ ಬಜಾರಿನಲ್ಲಿ ರಸ್ತೆಯ ಈಚೆಗೆ ನನ್ನ ಝೆರಾಕ್ಸ್ ಅಂಗಡಿ, ಆಚೆಗೆ ವೈಜಿನಾಥನ ಭಾಂಡೆ-ಪಾತ್ರೆಗಳ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಆ ಅಂಗಡಿಯಲ್ಲಿ, ಅದರ ಹಿಂದಿನ ಮನೆಯಲ್ಲಿ ನಡೆದದ್ದೆಲ್ಲ ನನಗೆ ಪುಕ್ಕಟೆ ತಮಾಷೆ. ಹಾಗಾಗಿ ಈ ಕಥೆ ಹೇಳುವ ಹಕ್ಕು ಮಾಳಿಂಗಪ್ಪನೆಂಬ ನನಗೆ ಇದೆ ಎಂದು ತಿಳಿದಿದ್ದೇನೆ. ನಾನು ಕಣ್ಣಾರೆ ಕಾಣದ ಭಾಗವನ್ನು ಬಹುಪಾಲು ಪೀರಪ್ಪ ಹೇಳಿದ್ದಾನೆ. ಪೀರಪ್ಪ ಕಲ್ಹೇರ್ ಕಡೆಯ ಕುರಿಗಾರ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಷ್ಟರಲ್ಲಿ ಸುಳ್ಳಿಗೆ ಜಾಗ ಸಿಗುವುದಿಲ್ಲ.

ವೈಜಿನಾಥನಿಗೆ ಐವತ್ತೇಳು ವರ್ಷ ಮತ್ತು ಎರಡು ಹೆಮ್ಮೆ. ಮೊದಲನೆಯದು ಅವನ ಲಿಂಗಪೂಜೆ. ನಮ್ಮೂರ ಲಿಂಗವಂತರು ಬೆಳಿಗ್ಗೆ ಜಳಕ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟುಕೊಂಡು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಇಪ್ಪತ್ತು ನಿಮಿಷದಲ್ಲಿ ಎದ್ದು ಅವರವರ ಕೆಲಸಕ್ಕೆ ಹೋಗುತ್ತಾರೆ. ವೈಜಿನಾಥನದು ಒಂದೂವರೆ ತಾಸು. ಐದೂವರೆಗೆ ಕೂತರೆ ಏಳಕ್ಕೆ ಏಳುವುದು. ಆ ಒಂದೂವರೆ ತಾಸು ಅವನ ಕಣ್ಣು ಲಿಂಗದ ಮೇಲಿಂದ ಕದಲುವುದಿಲ್ಲ. ಬಾಯಿ ಮಾತ್ರ ಮನೆಯ ತುಂಬ ತಿರುಗುತ್ತಿರುತ್ತದೆ.

"ಶಿವಕಾಂತಾ, ನೀರ್ ತಣ್ಣಗಾಗ್ಯಾವ."

"ಶಿವಕಾಂತಾ, ಈ ಪತ್ರಿ ಹರದಾವ, ಬ್ಯಾರೆ ತಾ."

"ಶಿವಕಾಂತಾ, ಯಾರೋ ಕದ ಬಡೀಲಕತ್ತಾರ, ನೋಡು."

ಶಿವಕಾಂತಾ ಅವನ ಹೆಂಡತಿ. ಅವಳೂ ಲಿಂಗ ಕಟ್ಟಿದವಳೇ. ಅವಳ ಪೂಜೆ ನಾಲ್ಕೂವರೆಗೆ, ನೀರೊಲೆ ಹತ್ತಿಕೊಳ್ಳುವಷ್ಟರಲ್ಲಿ ಮುಗಿದಿರುತ್ತದೆ. ಅವಳಿಗೆ ಯಾರೂ ಪತ್ರಿ ತಂದುಕೊಟ್ಟದ್ದನ್ನು ನಾನು ಕೇಳಿಲ್ಲ. ಇತ್ತೀಚೆಗೆ ತಲೆಗೆ ಒಂದು ಬಿಳಿ ಬಟ್ಟೆ ಬಿಗಿದುಕೊಂಡು ಓಡಾಡುತ್ತಿದ್ದಳು. ಯಾಕೆಂದು ಕೇಳಿದರೆ "ಬಿಸಲಿಗಿ" ಅನ್ನುತ್ತಿದ್ದಳು. ಡಿಸೆಂಬರ್ ತಿಂಗಳಲ್ಲೂ ಬಿಸಿಲಿಗೇ.

ವೈಜಿನಾಥನ ಎರಡನೆಯ ಹೆಮ್ಮೆ ಅವನ ಬಿಪಿ. ಹನ್ನೊಂದು ವರ್ಷದ ಹಳೆಯ ಬಿಪಿ. ಬಜಾರಿನಲ್ಲಿ ಮೊದಲು ಬಂದದ್ದು ತನಗೇ ಎಂದು ಹೇಳಿಕೊಳ್ಳುತ್ತಿದ್ದ. ಆಮೇಲೆ ಬಂದವರನ್ನೆಲ್ಲ ನಕಲು ಮಾಡಿದವರ ಹಾಗೆ ನೋಡುತ್ತಿದ್ದ. ಇಂಥವನಿಗೆ ಕಳೆದ ವರ್ಷ ಜಹೀರಾಬಾದಿನ ಒಂದು ಆಸ್ಪತ್ರೆಯಿಂದ ಕರೆ ಬಂತು. ಬಿಪಿಗೆ ಹೊಸ ಗುಳಿಗೆ ಬಂದಿದೆ, ಅದನ್ನು ಅರವತ್ತು ಮಂದಿಯ ಮೇಲೆ ಪರೀಕ್ಷೆ ಮಾಡುತ್ತೇವೆ, ಬರುತ್ತೀರಾ ಎಂದು. ಗುಳಿಗೆ ತಿನ್ನುವ ಮೊದಲು ಒಂದು ಸಲ, ಎರಡು ತಿಂಗಳು ತಿಂದ ಮೇಲೆ ಒಂದು ಸಲ, ಇಪ್ಪತ್ನಾಲ್ಕು ತಾಸು ತೋಳಿಗೆ ಮಶೀನು ಕಟ್ಟಿಕೊಂಡಿರಬೇಕು. ಒಪ್ಪಿಗೆ ಇದ್ದರೆ ಸಹಿ ಮಾಡಬೇಕು.

ಸಹಿ ಮಾಡಿದ ಕಾಗದದ ಹನ್ನೊಂದು ಕಾಪಿ ನಾನೇ ತೆಗೆದುಕೊಟ್ಟೆ.

"ಹನ್ನೊಂದು ಯಾಕ?" ಅಂದೆ.

"ಮಂದಿ ಕೇಳ್ತಾರ, ಕೊಡಬೇಕು. ಒಂದು ಲ್ಯಾಮಿನೇಟ್ ಮಾಡು. ಮಾಳಿಂಗಪ್ಪ, ಈ ದೇಶದಾಗ ಎಷ್ಟ್ ಮಂದಿಗಿ ಬಿಪಿ ಅದ, ಗೊತ್ತೇನು?"

"ಇಲ್ಲ."

"ನಂಗೂ ಗೊತ್ತಿಲ್ಲ. ಆದ್ರ ಅವ್ರೆಲ್ಲರ ಗುಳಗಿ ಮೊದಲ ನನ್ನ ಹೊಟ್ಟ್ಯಾಗ ಪಾಸಾಗಿ ಹೋಗಬೇಕು."

ಉಳಿದ ಐವತ್ತೊಂಬತ್ತು ಹೊಟ್ಟೆಗಳ ಮಾತು ಅವನು ಎತ್ತಲಿಲ್ಲ. ಲ್ಯಾಮಿನೇಟ್ ಆದ ಕಾಗದ ಕುಕ್ಕರ್‌ಗಳ ಸಾಲಿನ ನಡುವೆ ನೇತಾಡಿತು.

ಮಶೀನು ಕಟ್ಟುವ ದಿನ ಆಸ್ಪತ್ರೆಯಲ್ಲಿ ಪಕ್ಕದ ಸ್ಟೂಲಿನ ಮೇಲೆ ಪೀರಪ್ಪ ಕೂತಿದ್ದ. ಅವನೂ ಅರವತ್ತರಲ್ಲಿ ಒಬ್ಬ. ನರ್ಸ್ ಪೂರ್ಣಿಮಾ ತೆಲುಗು ಮನೆಮಾತಿನ ಹುಡುಗಿ, ಕನ್ನಡದ ಮಾತನ್ನು ಒಂದೊಂದಾಗಿ ನೋಡಿಕೊಂಡು ಇಡುತ್ತಾಳೆ. ಎಡತೋಳಿಗೆ ಪಟ್ಟಿ ಸುತ್ತಿ, ಸೊಂಟಕ್ಕೆ ಡಬ್ಬಿ ತೂಗುಹಾಕಿ ಹೇಳಿದಳು.

"ವೈಜಿನಾಥ್ ಗಾರು, ಇಪ್ಪತ್ತು ನಿಮಿಷಕ್ಕೊಮ್ಮೆ ಗಾಳಿ ತುಂಬ್ತದ. ಆಗ ಕೈ ಕೆಳಗ ಬಿಡ್ರಿ. ಅಲ್ಲಾಡಬ್ಯಾಡ್ರಿ, ಮಾತಾಡಬ್ಯಾಡ್ರಿ. ನಂಬರ್ ನಿಮಗ ಕಾಣಲ್ಲ, ಇಲ್ಲಿ ಕಂಪ್ಯೂಟರಿನಾಗ ಕಾಣ್ತದ. ಆ ಹೊತ್ತಿಗಿ ಏನ್ ಮಾಡ್ಲಕತ್ತಿದ್ರಿ ಅಂತ ಈ ಬುಕ್ಕಿನಾಗ ಬರೀರಿ. ನಾಳೆ ಹತ್ತು ಗಂಟೆಗಿ ಬಿಚ್ತೀನಿ. ಅಲ್ಲಿ ತನಕ ಸ್ನಾನ ಬ್ಯಾಡ."

ಅಲ್ಲಿಯವರೆಗೆ ತಲೆಯಾಡಿಸುತ್ತಿದ್ದ ವೈಜಿನಾಥ ಅದನ್ನು ನಿಲ್ಲಿಸಿದ. "ಜಳಕಿಲ್ದ ಪೂಜಿ ಹೆಂಗ್ ಮಾಡ್ಲಿ?"

"ಒಂದು ದಿನ ಹತ್ತರ ಮ್ಯಾಲ ಮಾಡ್ರಿ."

"ಪೂಜಿ ಆಗ್ದ ನಾ ಹನಿ ನೀರ್ ಬಾಯಾಗ ಹಾಕಲ್ರಿ."

"ಮಶೀನ್ ಖಾಲಿ ಬಿಟ್ರ ರೀಡಿಂಗ್ ಬರಲ್ಲ. ಭಾಳ ಮಿಸ್ಸಾದ್ರ ನಿಮ್ಮನ್ನ ಲಿಸ್ಟಿನಿಂದ ತಗೀತಾರ."

ಪೀರಪ್ಪ ಅಂದ. "ನಾ ಮುಂಜಾನಿ ಜಳಕ ಮಾಡ್ಕೊಂಡೇ ಬಂದೀನಿ. ನಾಳಿ ಕುರಿ ಕೇಳಲ್ಲ."

ವೈಜಿನಾಥ ಅವನನ್ನು ಕನಿಕರದಿಂದ ನೋಡಿದನಂತೆ. ಪೂರ್ಣಿಮಾ ಹೇಳಿದ್ದರಲ್ಲಿ ಅವನ ತಲೆಗೆ ಹೊಕ್ಕದ್ದು ಒಂದೇ, ಮಶೀನು ಖಾಲಿ ಇರಬಾರದು. ಜಹೀರಾಬಾದಿನಿಂದ ಮನೆಗೆ ಬರುವವರೆಗೆ ಬಸ್ಸಿನಲ್ಲಿ ಅದನ್ನೇ ಜಪಿಸಿಕೊಂಡು ಬಂದ.

ಮಧ್ಯಾಹ್ನದ ತಮಾಷೆಯನ್ನು ನಾನು ಸ್ವಂತ ಸ್ಟೂಲಿನ ಮೇಲೆ ಕೂತು ನೋಡಿದೆ. ಬಾಲಮಣಿ ಎಂಬ ಹೆಣ್ಣುಮಗಳು ಕುಕ್ಕರ್ ಕೊಳ್ಳಲು ಬಂದಿದ್ದಳು.

"ತಾಂಡೂರ ತೊಗರಿಬ್ಯಾಳಿ ಇದರಾಗ ಎಷ್ಟ್ ಸೀಟಿಗಿ ಬೇಯ್ತದ್ರಿ?"

ಅಷ್ಟರಲ್ಲಿ ಗುಂಯ್ ಎಂದಿತು. ವೈಜಿನಾಥ ಇದ್ದಲ್ಲೇ ನೆಟ್ಟಗೆ ನಿಂತ. ಎಡಗೈ ಇಳಿಬಿಟ್ಟ, ತುಟಿ ಬಿಗಿದ, ಕಣ್ಣು ಬಾಲಮಣಿಯ ತಲೆಯ ಮೇಲಿನ ಗೋಡೆಯಲ್ಲಿ ನೆಟ್ಟಿತು. ಅವಳು ಮತ್ತೊಮ್ಮೆ ಕೇಳಿದಳು. ಅವನು ಉಸಿರೂ ಬಿಡಲಿಲ್ಲ. ಬಾಲಮಣಿ ಕುಕ್ಕರ್ ನೆಲಕ್ಕಿಟ್ಟು ರಸ್ತೆಗೆ ಬಂದು, "ಅಣ್ಣಾ, ಸಾವ್ಕಾರ್ರಿಗಿ ಏನೋ ಆಗ್ಯಾದ, ಜಲ್ದಿ ಬರ್ರಿ" ಎಂದು ನನ್ನನ್ನು ಕರೆದಳು. ನಾನು ದಾಟಿ ಹೋಗುವಷ್ಟರಲ್ಲಿ ಪಟ್ಟಿಯ ಗಾಳಿ ಸುಸ್ಸೆಂದು ಇಳಿಯಿತು.

"ಮೂರು ಸೀಟಿ," ಅಂದ ವೈಜಿನಾಥ.

"ಕುಕ್ಕರ್ ಬ್ಯಾಡ್ರಿ," ಅಂದಳು ಬಾಲಮಣಿ. "ಸಾದಾ ಬೋಗಾಣಿ ಕೊಡ್ರಿ."

ಸುದ್ದಿ ಹಬ್ಬಿ ನಾಲ್ಕು ಗಂಟೆಗೆ ಅವನ ಅಕ್ಕ ಸುಗಲಾಬಾಯಿ ಬಂದಳು. ಎರಡು ಮನೆ ಆಚೆಗೇ ಅವಳ ವಾಸ. ತಮ್ಮನನ್ನು ಎತ್ತಿ ಆಡಿಸಿದ ಅಧಿಕಾರವನ್ನು ಅವಳು ಇನ್ನೂ ಬಿಟ್ಟಿಲ್ಲ.

"ವೈಜು, ಕೈಗಿ ಏನ್ ಕಟ್ಕೊಂಡಿದಿ?"

ಗುಂಯ್.

"ಕೇಳ್ಲಕತ್ತೀನಿ, ಏನದು?"

ವೈಜಿನಾಥ ಗೋಡೆ ನೋಡಿದ.

"ಹಿರಿಯಕ್ಕ ಕೇಳಿದ್ರ ಬಾಯಿ ಬಿಡಲ್ಲ ಅಂದ್ರ ಎಷ್ಟ್ ಸೊಕ್ಕು," ಎಂದು ಸುಗಲಾಬಾಯಿ ಬಲಗಡೆಯ ಭುಜಕ್ಕೆ ಒಂದು ಬಿಟ್ಟಳು. ಬುಕ್ಕಿನಲ್ಲಿ ಅದಕ್ಕೆ ಸರಿಯಾದ ದಾಖಲೆ ಇದೆ. "ನಾಲ್ಕು ಇಪ್ಪತ್ತು. ಅಕ್ಕ ಹೊಡೆದಳು." ವೈಜಿನಾಥನ ಬುಕ್ಕಿನಲ್ಲಿ ಪೂರ್ತಿ ನಿಜವಾದ ಸಾಲು ಅದೊಂದೇ ಇರಬೇಕು.

ಮರುದಿನ ಬೆಳಿಗ್ಗೆ ನಡೆದದ್ದನ್ನು ನನಗೆ ಶಿವಕಾಂತಾ ಆಮೇಲೆ ಹೇಳಿದ್ದಾಳೆ. ಐದು ಗಂಟೆಗೆ ಅವಳು ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಿದ್ದಳು. ಅವನು ತೋಳಿನ ಪಟ್ಟಿ ಬಿಚ್ಚಿ ಹಿಡಿದುಕೊಂಡು ಬಂದ.

"ಎಡಗೈ ಚಾಚು."

"ಯಾಕ್ರಿ?"

"ನಾ ಜಳಕಕ್ಕ ಹೋಗಬೇಕು, ಪೂಜಿಗಿ ಕೂಡಬೇಕು. ಮಶೀನ್ ಖಾಲಿ ಇರಬಾರ್ದು."

"ಅದು ನಿಮ್ಮ ಕೈಯಂದು ನೋಡಾಕ ಕೊಟ್ಟದ್ದಲ್ಲೇನ್ರಿ?"

"ನೀ ನನ್ನ ಅರ್ಧಾಂಗಿ. ಅರ್ಧ ಮೈ ನಂದೇ. ಅದರಾಗ ಎಡಗೈ ಬರ್ತದ."

ಶಿವಕಾಂತಾ ಹಿಟ್ಟು ಮೆತ್ತಿದ ಕೈ ನೋಡಿಕೊಂಡಳಂತೆ. "ರೊಟ್ಟಿ ಹೆಂಗ್ ಬಡೀಲ್ರಿ?"

"ಗುಂಯ್ ಅಂದಾಗ ಬಡೀಬ್ಯಾಡ."

ಹೀಗೆ ಐದೂ ಹದಿನೈದರಿಂದ ಏಳರವರೆಗೆ ಮಶೀನು ಶಿವಕಾಂತಾಳ ತೋಳಿನಲ್ಲಿತ್ತು. ಐದಾರು ಸಲ ಗುಂಯ್ ಎಂದಿತು. ನೀರು ತಣ್ಣಗಾದವು, ಪತ್ರಿ ಹರಿದಿದ್ದವು, ಹಾಲಿನವನು ಕದ ಬಡಿದ. ಏಳಕ್ಕೆ ವೈಜಿನಾಥ ಮಶೀನನ್ನು ತನ್ನ ತೋಳಿಗೆ ವಾಪಸ್ ಕಟ್ಟಿಸಿಕೊಂಡು ಬುಕ್ಕಿನಲ್ಲಿ ಬರೆದ. "ಐದೂವರೆಯಿಂದ ಏಳು. ಲಿಂಗಪೂಜೆ. ಮನಸ್ಸು ಶಾಂತ."

ನಾಲ್ಕು ದಿನದ ಮೇಲೆ ಡಾಕ್ಟರ್ ಸ್ವರೂಪಾ ಅವನನ್ನು ಕರೆಸಿದರು. ನಮ್ಮ ಕಡೆಯವರೇ, ಮಾತಿನಲ್ಲಿ ಗತ್ತಿಲ್ಲದ ಡಾಕ್ಟರು.

"ಇಡೀ ದಿನ ನೂರಾ ನಲವತ್ತೆಂಟು, ನೂರಾ ಐವತ್ತು ಅದರಿ. ಮುಂಜಾನಿ ಮಾತ್ರ ಮ್ಯಾಲಿಂದು ನೂರಾ ತೊಂಬತ್ತಾರು, ಕೆಳಗಿಂದು ನೂರಾ ಹನ್ನೆರಡು. ಆಗ ಏನ್ ಮಾಡ್ಲಕತ್ತಿದ್ರಿ?"

"ಬರದೀನಲ್ರಿ. ಪೂಜಿ."

"ಪೂಜ್ಯಾಗ ಉಸಿರು ಬಿಗಿ ಹಿಡೀತೀರೇನು?"

"ಇಲ್ರಿ. ಮನಸ್ಸು ಶಾಂತ ಇರ್ತದ."

"ಮಶೀನ್ ಬಿಚ್ಚಿ ಇಟ್ಟಿದ್ರೇನು?"

"ಒಂದು ಕ್ಷಣ ಖಾಲಿ ಕೂತಿಲ್ರಿ," ಅಂದ ವೈಜಿನಾಥ, ಎದೆಯ ಮೇಲೆ ಕೈಯಿಟ್ಟು.

ಅವರು ತಮ್ಮ ಕೈಯಿಂದ ಬಿಪಿ ನೋಡಿದರು, ನೂರಾ ಐವತ್ತು. ಪೂಜೆ ಅರ್ಧ ತಾಸಿಗೆ ಇಳಿಸಿ, ಗುಳಿಗೆ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದರು.

ಅವನಿಗೆ ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ. ವೈಜಿನಾಥನ ಪ್ರಕಾರ ಬಿಪಿ ಎಂದರೆ ಅಂಗಡಿ ಇದ್ದವರಿಗೆ, ಹೊಣೆ ಹೊತ್ತವರಿಗೆ, ನಾಲ್ಕು ಜನ ಬಲ್ಲವರಿಗೆ ಬರುವ ಕಾಯಿಲೆ. ಮನೆಯಲ್ಲಿ ಸುಮ್ಮನೆ ಇರುವ ಹೆಂಡತಿಗೆ ಅದು ಎಲ್ಲಿಂದ ಬರಬೇಕು? ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಅವಳು ಸುಮ್ಮನೆ ಕೂತದ್ದನ್ನು ಅವನು ನೋಡಿರಲಿಲ್ಲ, ಆ ಮಾತು ಬೇರೆ. ಜೊತೆಗೆ ಅವನಿಗೆ ಪೂಜೆಯ ಮಾನ ಹೋದ ನೋವು. ಆ ನೋವಿನಲ್ಲಿ ತೋಳು ಯಾರದು ಎಂಬುದು ಅವನ ತಲೆಯಿಂದ ಪೂರ್ತಿ ಜಾರಿಹೋಗಿತ್ತು.

ಆ ರಿಪೋರ್ಟನ್ನೂ ಝೆರಾಕ್ಸಿಗೆ ನನ್ನ ಹತ್ತಿರವೇ ತಂದ. ಯಾರಿಗೂ ಹೇಳಬೇಡ ಅಂದ. ನಾಲ್ಕೈದು ಜನರನ್ನು ಬಿಟ್ಟರೆ ನಾನು ಯಾರಿಗೂ ಹೇಳಲಿಲ್ಲ. ಸಂಜೆಯೊಳಗೆ ಬಜಾರಿಗೆ ಬಜಾರೇ ಅದನ್ನು ಬಾಯಿಪಾಠ ಮಾಡಿತ್ತು. ಗಿರಾಕಿಯ ಜೊತೆ ವಾದ ಮಾಡುವಾಗ ನೂರಾ ಐವತ್ತು, ಶಿವನ ಮುಂದೆ ಕೂತಾಗ ನೂರಾ ತೊಂಬತ್ತಾರು.

"ನಾ ಹೊಡೆದಾಗ ಎಷ್ಟಿತ್ತು?" ಎಂದು ಸುಗಲಾಬಾಯಿ ವಿಚಾರಿಸಿದಳು.

"ನೂರಾ ನಲವತ್ತಾರು," ಅಂದೆ.

"ಕಡಿಮಿ ಆಗ್ಯಾದ. ದಿನಾ ಎರಡು ಹೊಡೀತೀನಿ."

ವೈಜಿನಾಥ ಮಠಕ್ಕೆ ಹೋಗಿ ಅಯ್ಯನವರ ಕಾಲಿಗೆ ಬಿದ್ದ. ಅಯ್ಯನವರು ವಿಷಯವನ್ನೆಲ್ಲ ಕೇಳಿ, "ಪೂಜ್ಯಾಗ ಏನ್ ಬೇಡ್ಕೋತೀರಿ?" ಅಂದರು. ಏನೂ ಇಲ್ಲ ಅಂದ. "ಹಂಗಾದ್ರ ಆ ಹೊತ್ತಿನಾಗ ಆ ಮನ್ಯಾಗ ಯಾರೋ ಭಾಳ ತ್ರಾಸ್ ಪಡ್ಲಕತ್ತಾರ. ಯಾರು ಅಂತ ನೋಡ್ಕೋರಿ," ಅಂದರು ಅಯ್ಯನವರು. ಇಷ್ಟು ನೇರವಾಗಿ ಹೇಳಿದ್ದನ್ನೂ ವೈಜಿನಾಥ ತನ್ನ ಮೇಲೇ ಎಳೆದುಕೊಂಡ. ಆ ತ್ರಾಸು ಪಡುವವನು ತಾನೇ, ತ್ರಾಸಿಗೆ ಕಾರಣ ಮನೆಯ ಗದ್ದಲ ಎಂದು ತೀರ್ಮಾನ ಮಾಡಿಕೊಂಡು ಎದ್ದ.

ತಾಂಡೂರಿನಿಂದ ಶಿವಕಾಂತಾಳ ತಮ್ಮ ಆನಂದಕುಮಾರನ ಫೋನೂ ಬಂತು. ಅವನದು ಫರಸಿ ಕಲ್ಲಿನ ವ್ಯಾಪಾರ. ಹಿಂದೆ ಕಲ್ಲು ಕೊಯ್ಯುವ ಮಶೀನು ಕಿರುಚುತ್ತಿತ್ತು.

"ಮಾಮಾ, ಎರಡ್ ದಿನ ಇಲ್ಲಿ ಬಂದು ಇರ್ರಿ. ಇಲ್ಲಿ ಭಾಳ ಶಾಂತ ಅದ."

"ಕೇಳಸಲ್ದು, ಜೋರಾಗಿ ಹೇಳು."

"ಶಾಂತ ಅದ ಅಂದ್ನಿ. ಅಕ್ಕ ಹೆಂಗಿದ್ದಾಳ್ರಿ?"

"ಅಕಿಗೇನಾಗ್ಯಾದ. ಆರಾಮ ಅದಾಳ."

ಮರುದಿನದಿಂದ ಪೂಜೆ ಅರ್ಧ ತಾಸಿಗೆ ಇಳಿಯಲಿಲ್ಲ, ಎರಡು ತಾಸಿಗೆ ಏರಿತು. ಮನೆಯಲ್ಲಿ ಸದ್ದು ಬಂದ್. ಕುಕ್ಕರ್ ಸೀಟಿ ಹೊಡೆಯಬಾರದು, ಬೇಳೆ ಬೋಗಾಣಿಯಲ್ಲಿ ಬೇಯಬೇಕು. ಊರಿಗೆಲ್ಲ ಕುಕ್ಕರ್ ಮಾರುವವನ ಮನೆಯಲ್ಲಿ ಈ ಕಾನೂನು. ಮಿಕ್ಸರ್ ತಿರುಗಬಾರದು, ಚಟ್ನಿ ಕಲ್ಲಿನಲ್ಲಿ ಅರೆಯಬೇಕು. ರೊಟ್ಟಿ ಬಡಿಯುವ ಸಪ್ಪಳ ಕೇಳಬಾರದೆಂದು ಒಲೆ ಹಿತ್ತಲಿಗೆ ಹೋಯಿತು. ಪತ್ರಿ ಎರಡು ಪಟ್ಟು ಬೇಕಾಯಿತು. ಇಷ್ಟೆಲ್ಲ ಹೊಂದಿಸಲು ಶಿವಕಾಂತಾ ಮೂರೂವರೆಗೆ ಏಳತೊಡಗಿದಳು. ಹಿತ್ತಲಿಂದ ಪೂಜೆಯ ಕೋಣೆಗೆ, ಕೋಣೆಯಿಂದ ಹಿತ್ತಲಿಗೆ, ಬರಿಗಾಲಿನಲ್ಲಿ, ಸದ್ದಿಲ್ಲದೆ. ತಲೆಯ ಬಿಳಿ ಬಟ್ಟೆಯ ಮೇಲೆ ಇನ್ನೊಂದು ಬಿಳಿ ಬಟ್ಟೆ ಬಂತು. ಒಂದು ದಿನ ನನ್ನ ಅಂಗಡಿಗೆ ಬಂದವಳು ಬಾಗಿಲಿನ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ನಾನು ಕೇಳಿದೆ. "ಬಿಸಲಿಗಿ," ಅಂದಳು. ನಾನೂ ಸುಮ್ಮನಾದೆ. ಬುದ್ಧಿ ಇಲ್ಲದವನು ವೈಜಿನಾಥ ಒಬ್ಬನೇ ಎಂದು ನಾನು ಹೇಳಲಾರೆ.

ಎರಡು ತಿಂಗಳು ಕಳೆದು ಎರಡನೆಯ ಮಶೀನು ಬಂತು. ಎರಡನೆಯ ಸಲವೂ ಬೆಳಿಗ್ಗೆ ಅದು ಶಿವಕಾಂತಾಳ ತೋಳಿಗೆ ಹೋಯಿತು. ಬಿಚ್ಚಲು ವೈಜಿನಾಥ ಜಹೀರಾಬಾದಿಗೆ ಹೋದಾಗ ಪೀರಪ್ಪನೂ ಅದೇ ಕೆಲಸಕ್ಕೆ ಬಂದಿದ್ದ. ಪೂರ್ಣಿಮಾ ಡಬ್ಬಿಯನ್ನು ಕಂಪ್ಯೂಟರಿಗೆ ಹಚ್ಚಿದಳು, ಪರದೆ ನೋಡಿ ಎದ್ದು ಡಾಕ್ಟರನ್ನು ಕರೆತಂದಳು.

"ಇಡೀ ದಿನ ನೂರಾ ಇಪ್ಪತ್ತೆಂಟು, ನೂರಾ ಮೂವತ್ತು," ಅಂದರು ಸ್ವರೂಪಾ. "ಗುಳಗಿ ಛಲೋ ಕೆಲಸ ಮಾಡ್ಯಾದ. ಆದ್ರ ನಿಮ್ಮ ಪೂಜಿ ಹೊತ್ತಿಗಿ ಇನ್ನೂರಾ ಹದಿನೆಂಟು, ಕೆಳಗಿಂದು ನೂರಾ ಇಪ್ಪತ್ನಾಲ್ಕು. ವೈಜಿನಾಥ್ ಗಾರು, ಇದನ್ನ ನಾ ಈಗಲೇ ಮ್ಯಾಲಿನವರಿಗಿ ತಿಳಸಬೇಕು. ಇದು ಗುಳಗಿಯಿಂದ ಆಗಿದ್ರ ಅರವತ್ತೂ ಮಂದಿದು ನಿಲ್ಲಸಬೇಕಾಗ್ತದ."

ದೇಶದ ಗುಳಿಗೆ ವೈಜಿನಾಥನ ಹೊಟ್ಟೆಯಲ್ಲೇ ಫೇಲಾಗುವುದರಲ್ಲಿತ್ತು. "ಇನ್ನೂ ಶಾಂತ ಮಾಡ್ತೀನ್ರಿ," ಅಂದ. "ಮನ್ಯಾಗ ಹಾಲಿನವನ್ನೂ ಬರಗೊಡಲ್ಲ."

ಆಗ ಪೀರಪ್ಪ ಬಾಯಿ ತೆರೆದ. ಅವನಿಗೆ ಎರಡು ತಿಂಗಳಿನಿಂದ ಒಂದು ಅನುಮಾನ ಇತ್ತಂತೆ, ಕೇಳುವ ಸಂದರ್ಭ ಬಂದಿರಲಿಲ್ಲ.

"ಸಾವ್ಕಾರ, ಈ ಮಶೀನ್ ಕಟ್ಕೊಂಡು ಜಳಕ ಹೆಂಗ್ ಮಾಡಿದ್ರಿ?"

"ಬಿಚ್ಚಿ ಮಾಡಿದ್ನಿ."

"ಮಶೀನ್ ಖಾಲ್ಯಾಗಲಿಲ್ಲೇನು?"

"ಹೆಂಗ ಖಾಲ್ಯಾಗ್ತದ? ಶಿವಕಾಂತಾನ ಕೈಗಿ ಕಟ್ಟಿದ್ನಿ."

ಪೂರ್ಣಿಮಾ ಬರೆಯುವುದನ್ನು ನಿಲ್ಲಿಸಿದಳು. ಡಾಕ್ಟರ್ ನಿಧಾನಕ್ಕೆ ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತರು.

"ಎರಡೂ ಸಲ?"

"ಎರಡೂ ಸಲ್ರಿ. ಪೂಜಿ ಮುಗಿಯೂ ತನಕ."

"ಅವರಿಗಿ ತಲಿನೋವು ಅದೇನು?"

"ಇಲ್ರಿ. ತಲಿಗಿ ಬಟ್ಟಿ ಕಟ್ಕೊಂಡಿರ್ತಾಳ ಅಷ್ಟ. ಬಿಸಲಿಗಿ."

ತನ್ನ ಬಾಯಿಂದ ಬಂದ ಮಾತು ಅವನ ಕಿವಿಗೆ ಬಿದ್ದದ್ದು ಆಗಲೇ ಎಂದು ಪೀರಪ್ಪ ಹೇಳುತ್ತಾನೆ. ವೈಜಿನಾಥ ತನ್ನ ಎಡತೋಳನ್ನು ಬಲಗೈಯಲ್ಲಿ ಹಿಡಿದುಕೊಂಡ. ಪರದೆ ನೋಡಿದ. ಇನ್ನೂರಾ ಹದಿನೆಂಟು ಅಲ್ಲೇ ಇತ್ತು. "ಅದು ಅಕಿಂದು," ಅಂದ. ಮತ್ತೆ ಅಂದ. "ಅಯ್ಯೋ ಶಿವನೇ, ಅದು ಅಕಿಂದು."

"ಈಗ ಎಲ್ಲಿದ್ದಾರ?"

ಫೋನು ಹಚ್ಚಿದರು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲ ಸುಗಲಾಬಾಯಿ ಎತ್ತಿದಳು. "ಹಿತ್ತಲಾಗ ಕುಂತುಬಿಟ್ಟಾಳ. ಕಣ್ಣ ಮುಂದ ಮಿಣಮಿಣ ಚಿಕ್ಕಿ ಕಾಣ್ತಾವ ಅಂತಾಳ. ನೀ ಎಲ್ಲಿ ಸತ್ತಿದಿ?" ಅಂದಳು. ಡಾಕ್ಟರೇ ಫೋನು ತೆಗೆದುಕೊಂಡು, ಅವರನ್ನು ಎಬ್ಬಿಸಿ ಓಡಾಡಿಸಬೇಡಿ, ತಕ್ಷಣ ಗಾಡಿಯಲ್ಲಿ ಕೂರಿಸಿಕೊಂಡು ಕರೆತನ್ನಿ ಅಂದರು. ಪೀರಪ್ಪ ಅಷ್ಟರಲ್ಲಿ ತನ್ನ ಮಗ ಸುನೀಲನಿಗೆ ಫೋನು ಮಾಡಿದ್ದ. ಸುನೀಲ್ ಆ ಹೊತ್ತಿಗೆ ಕುರಿ ತುಂಬಿದ ಪಿಕಪ್ ಗಾಡಿ ತೆಗೆದುಕೊಂಡು ಜಹೀರಾಬಾದ್ ಸಂತೆಗೆ ಹೊರಟು ನಮ್ಮ ಬಜಾರಿನಲ್ಲೇ ಚಹಾ ಕುಡಿಯುತ್ತಿದ್ದ.

"ಕುರಿ ಇಳಸಬ್ಯಾಡ, ಹೊತ್ತಾಗ್ತದ. ಭಾಂಡೆ ಸಾವ್ಕಾರ್ರ ಮನಿಗಿ ಹೋಗು. ಅಮ್ಮಾರ್ನ ಮುಂದ ಕೂಡಸ್ಕೋ. ಕುಲುಕಸಬ್ಯಾಡ. ಎಲ್ಲೂ ನಿಂದರಬ್ಯಾಡ."

ಪೀರಪ್ಪನ ಆ ದಿನದ ಹತ್ತು ಮಾತೂ ಅಲ್ಲಿಗೆ ತೀರಿದವು.

ಪಿಕಪ್ಪು ಎದುರಿಗೆ ನಿಂತಾಗ ನಾನು ಓಡಿದೆ. ಶಿವಕಾಂತಾಳ ಮುಖ ಸುಣ್ಣವಾಗಿತ್ತು. ಆದರೂ ಹಟ. "ಹಿಟ್ಟು ನಾದಿಟ್ಟೀನಿ, ಹುಳಿಯಾಗ್ತದ. ಎರಡ್ ರೊಟ್ಟಿ ಬಡದು ಬರ್ತೀನಿ," ಅನ್ನುತ್ತಿದ್ದಳು. "ಆ ಹಿಟ್ಟ ನಿನ್ನ ಗಂಡನ ತಲಿಗಿ ಹಚ್ಚತೀನಿ, ನಡಿ," ಎಂದು ಸುಗಲಾಬಾಯಿ ಅವಳನ್ನು ಮುಂದಿನ ಸೀಟಿಗೆ ಕೂರಿಸಿ ಪಕ್ಕದಲ್ಲಿ ತಾನು ತುಂಬಿಕೊಂಡಳು. ಉಳಿದ ಜಾಗ ಹಿಂದೆ. ನಾನು ಹದಿನಾಲ್ಕು ಕುರಿಗಳ ನಡುವೆ ನಿಂತು ಜಹೀರಾಬಾದಿಗೆ ಹೋದೆ. ದಾರಿಯುದ್ದಕ್ಕೂ ಹಿಂದಿನ ಕಿಟಕಿಯ ಗಾಜಿನಲ್ಲಿ ಆ ಬಿಳಿ ಬಟ್ಟೆ ನೆಟ್ಟಗಿದೆಯೋ ವಾಲಿತೋ ಎಂದು ನೋಡುತ್ತಿದ್ದೆ. ನನಗೆ ಹೆದರಿಕೆಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ವೈಜಿನಾಥ ನಿಂತಿದ್ದ. ಒಂದು ತಾಸಿನಿಂದ ಅಲ್ಲೇ ಬಿಸಿಲಲ್ಲಿ ನಿಂತಿದ್ದನಂತೆ. ಬಜಾರಿನಲ್ಲಿ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುವ ಮನುಷ್ಯ ಅವಳ ಕೈ ಹಿಡಿದು ಇಳಿಸಿದ. ಗಾಲಿಕುರ್ಚಿ ತಾನೇ ತಳ್ಳಿದ. ಅವನ ಕಣ್ಣಲ್ಲಿ ನೀರಿತ್ತು. ಹಿಂದಿನಿಂದ ಕುರಿಗಳು ಒದರಿದವು.

ಮಶೀನು ಹೇಳಿದ್ದು ಸುಳ್ಳಾಗಿರಲಿಲ್ಲ. ಡಾಕ್ಟರ್ ಸಂಜೆಯವರೆಗೆ ಅವಳ ಮಂಚ ಬಿಟ್ಟು ಕದಲಲಿಲ್ಲ. ಕಣ್ಣು, ಎದೆ, ಎಲ್ಲ ನೋಡಿದರು. ಬಿಪಿ ಸಾವಕಾಶ ಇಳಿದ ಮೇಲೆ ಹೊರಗೆ ಬಂದು ವೈಜಿನಾಥನಿಗೆ ಹೇಳಿದರು. "ಇನ್ನೊಂದೆಂಟು ದಿನ ಬಿಟ್ಟಿದ್ರ ನಾ ಏನ್ ಹೇಳ್ಬೇಕಾಗ್ತಿತ್ತೋ ಗೊತ್ತಿಲ್ರಿ. ನೀವು ಮಾಡಿದ್ದು ದೊಡ್ಡ ತಪ್ಪು. ಆ ತಪ್ಪು ಮಾಡಿದ್ದಕ್ಕೇ ಅವರು ಉಳದಾರ. ನಿಮ್ಮನ್ನ ಬೈಬೇಕೋ ಬ್ಯಾಡೋ ನನಗೇ ತಿಳೀಲಕತ್ತಿಲ್ಲ."

"ಬೈರಿ," ಅಂದ ವೈಜಿನಾಥ. ಅವರು ಬೈಯಲಿಲ್ಲ. ಆ ಕೆಲಸವನ್ನು ಸುಗಲಾಬಾಯಿ ವಹಿಸಿಕೊಂಡಳು.

ಅವನ ಹೆಸರು ಪರೀಕ್ಷೆಯ ಪಟ್ಟಿಯಿಂದ ಹೋಯಿತು. ಪೂರ್ಣಿಮಾ ಅವನ ಕಾಗದಗಳಿಗೆಲ್ಲ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆಯಬೇಕಾಗಿ ಬಂದು, ಬಹಳ ಹೊತ್ತು ಪೆನ್ನು ಕಚ್ಚಿಕೊಂಡು ಕೂತಳು. ಕೊನೆಗೆ "ಹೆಂಡತಿಯ ತೋಳು" ಎಂದು ಬರೆದಳು. ವೈಜಿನಾಥ ಅವಳಿಗೆ ಕೈಮುಗಿದ, ಡಾಕ್ಟರಿಗೆ ಕೈಮುಗಿದ, ಮೇಜಿನ ಮೇಲಿದ್ದ ಮಶೀನಿಗೂ ಕೈಮುಗಿದ. ಊರಿಗೆ ಬಂದವನೇ ಲ್ಯಾಮಿನೇಟ್ ಮಾಡಿದ ಕಾಗದ ಇಳಿಸಿದ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತಾಮ್ರದ ಹಂಡೆಯನ್ನು ಹೊರಿಸಿಕೊಂಡು ಪೀರಪ್ಪನ ಮನೆಗೆ ಹೋದ.

"ಇದು ನಂಗ್ಯಾಕ್ರಿ?" ಅಂದ ಪೀರಪ್ಪ. "ನಾ ಜಳಕದ ಮಾತ್ ಕೇಳಿದ್ನಿ, ಅಷ್ಟ."

"ಅದಕ್ಕೇ ಹಂಡೆ. ಕಾಸಿದ ನೀರಾಗ ಮಾಡು."

ಶಿವಕಾಂತಾಳನ್ನು ನೋಡಲು ನಾನು ಆಸ್ಪತ್ರೆಗೆ ಹೋಗಿದ್ದೆ. ಮೂರು ದಿನ ಇಟ್ಟುಕೊಂಡಿದ್ದರು. ತಲೆಗೆ ಬಟ್ಟೆ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಅವಳ ಕೂದಲು ನೋಡಿದೆ, ಅರ್ಧ ಬೆಳ್ಳಗಾಗಿತ್ತು. ಹೇಗಿದ್ದೀರಿ ಅಂದೆ.

"ಜೀವ ಉಳಸ್ಯಾರ ಅಂತಾರ್ರಿ, ಅವರ ಪುಣ್ಯ ದೊಡ್ಡದು. ನಂಗ ಖುಷಿ ಆದದ್ದು ಬ್ಯಾರೇನೇ. ಮೂರ್ ದಿನ ಆತು, ಯಾರೂ ನನ್ನ ಹೆಸರು ಹಿಡಿದು ಒದರಿಲ್ಲ."

ಬಾಗಿಲಲ್ಲಿ ಚಹಾದ ಫ್ಲಾಸ್ಕು ಹಿಡಿದು ವೈಜಿನಾಥ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಆ ಮಾತು ಅವನಿಗೆ ಕೇಳಿಸಿತು.

ಒಂದು ತಿಂಗಳಾದ ಮೇಲೆ, ಗುಳಿಗೆ ಹಿಡಿಯಿತೋ ಇಲ್ಲವೋ ನೋಡಲು ಡಾಕ್ಟರ್ ಸ್ವರೂಪಾ ಶಿವಕಾಂತಾಳಿಗೇ ಇಪ್ಪತ್ನಾಲ್ಕು ತಾಸಿನ ಮಶೀನು ಕಟ್ಟಿಸಿದರು. ಪೂರ್ಣಿಮಾ ಈ ಸಲ ಗಂಡ ಹೆಂಡತಿ ಇಬ್ಬರನ್ನೂ ಎದುರು ಕೂರಿಸಿಕೊಂಡಳು. "ಸ್ನಾನಕ್ಕ, ಪೂಜಿಗಿ ಬಿಚ್ರಿ. ಒಂದು ತಾಸು ಖಾಲಿ ಬಿಟ್ರೂ ನಡೀತದ. ಬ್ಯಾರೆಯವರ ಕೈ ಮಾತ್ರ ಬ್ಯಾಡ," ಎಂದು ಮೂರು ಸಲ ಹೇಳಿ, ವೈಜಿನಾಥನ ಬಾಯಿಂದ ಒಂದು ಸಲ ಹೇಳಿಸಿದಳು. ಬುಕ್ಕು ಬರೆಯುವ ಕೆಲಸ ಅವನಿಗೆ ಬಂತು.

ಮರುದಿನ ಬೆಳಿಗ್ಗೆ ಆರಕ್ಕೆ ಶಿವಕಾಂತಾ ಜಳಕ ಮಾಡಿ ಪೂಜೆಗೆ ಕೂತಳು. ಬಿಚ್ಚಿದ ಪಟ್ಟಿ ಮಂಚದ ಮೇಲಿತ್ತು. ತನ್ನ ಪೂಜೆಯನ್ನು ವೈಜಿನಾಥ ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಒಲೆಯ ಮೇಲೆ ಕುಕ್ಕರ್ ಏರಿಸಿ, ಬುಕ್ಕು ಹಿಡಿದು ಮಂಚದ ಹತ್ತಿರ ಬಂದ. ಹೊತ್ತಾಗುತ್ತಲೇ ಮಶೀನು ಗುಂಯ್ ಎಂದಿತು. ಖಾಲಿ ಪಟ್ಟಿ ತೋಳು ಹುಡುಕುತ್ತ ಉಬ್ಬಿತು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಅಭ್ಯಾಸಬಲದಿಂದ ಉಸಿರನ್ನೂ ಬಿಗಿಹಿಡಿದಿದ್ದನಂತೆ.

ಅಷ್ಟರಲ್ಲಿ ಪೂಜೆಯ ಕೋಣೆಯಿಂದ ದನಿ ಬಂತು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ.

"ಏನ್ರಿ, ನೀರ್ ತಣ್ಣಗಾಗ್ಯಾವ."

ವೈಜಿನಾಥ ಓಡಿದ.

ಆ ಪುಟವನ್ನು ಅವನು ಝೆರಾಕ್ಸಿಗೆ ತಂದ. ಈ ಸಲ ಒಂದೇ ಕಾಪಿ. ಲ್ಯಾಮಿನೇಟ್ ಆಗಿ ಈಗ ಕುಕ್ಕರ್‌ಗಳ ನಡುವೆ ನೇತಾಡುತ್ತಿದೆ, ಬಂದವರು ಓದಬಹುದು. ಅವನ ದಪ್ಪ ಅಕ್ಷರದಲ್ಲಿ ಹೀಗಿದೆ. "ಆರು ಇಪ್ಪತ್ತು. ಮಶೀನು ಮಂಚದ ಮೇಲೆ. ತೋಳು ಇಲ್ಲ. ಶಿವಕಾಂತಾ ಪೂಜೆಗೆ ಕೂತಿದ್ದಾಳೆ. ನಾನು ಬಿಸಿನೀರು ಒಯ್ದೆ."

ಅದರ ಕೆಳಗೆ, ಸಣ್ಣ ದುಂಡನೆಯ ಬೇರೆ ಅಕ್ಷರದಲ್ಲಿ, ಇನ್ನೆರಡು ಮಾತಿವೆ. "ಮನಸ್ಸು ಶಾಂತ."